ಹೊಳಪು ಎಲ್ಲಿಂದ ಬರುತ್ತದೆ?

ಬೆಳಗ್ಗೆ ಆರು ಗಂಟೆಗೆ ನಮ್ಮ ಯಾವುದೇ ನಗರದ ಬಡಾವಣೆಯಲ್ಲಿ ನಡೆದು ಹೋದರೂ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಗೇಟಿನ ಹೊರಗೆ ಕಾರು ನಿಂತಿದೆ. ಪಕ್ಕದಲ್ಲೊಂದು ಪ್ಲಾಸ್ಟಿಕ್ ಬಕೆಟ್. ಹೆಗಲ ಮೇಲೆ ಹಳೆಯ ಬಟ್ಟೆ ಹಾಕಿಕೊಂಡ ಹುಡುಗನೊಬ್ಬ ಗಾಜು ಒರೆಸುತ್ತಿದ್ದಾನೆ. ಇದು ಮುಗಿದರೆ ಮುಂದಿನ ಮನೆ, ಅದು ಮುಗಿದರೆ ಅದರಾಚೆಯ ಮನೆ. ಮಾಲಕರು ಕಚೇರಿಗೆ ಹೊರಡುವ ಹೊತ್ತಿಗೆ ಆತ ಅಲ್ಲಿರುವುದಿಲ್ಲ. ಕಾರು ಮಾತ್ರ ಹೊಳೆಯುತ್ತಿರುತ್ತದೆ.

ಈ ಹೊಳಪು ಎಲ್ಲಿಂದ ಬಂತು? ಪ್ರಶ್ನೆ ಸಣ್ಣದು, ಉತ್ತರ ಸಣ್ಣದಲ್ಲ. ಕಾರಿನ ಎಂಜಿನ್ ಬಗ್ಗೆ, ಅದನ್ನು ತಯಾರಿಸಿದ ಉದ್ಯಮಿಗಳ ಬಗ್ಗೆ ಸಾಕಷ್ಟು ಗ್ರಂಥಗಳು ಬಂದಿವೆ. ಆದರೆ ಕಾರಿನ ಮೈಬಣ್ಣ, ಅದಕ್ಕೆ ಹಚ್ಚುವ ಮೇಣ, ಒಳಗಿನ ಸೀಟಿನ ಚರ್ಮ ಇವುಗಳಿಗೂ ಒಂದು ಚರಿತ್ರೆಯಿದೆ. ಅದರ ಜಾಡು ಹಿಡಿದು ಹೊರಟರೆ ನಾವು ಬ್ರೆಝಿಲ್‌ನ ಒಣನೆಲದ ತಾಳೆ ತೋಪುಗಳಿಗೆ ಹೋಗಬೇಕಾಗುತ್ತದೆ. ಮೊರಾಕೊದ ಚರ್ಮ ಹದಮಾಡುವ ಗುಂಡಿಗಳನ್ನು ನೋಡಬೇಕಾಗುತ್ತದೆ. ನಮ್ಮದೇ ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟುವ ನದಿಯೊಂದರ ದಡಕ್ಕೂ ಬರಬೇಕಾಗುತ್ತದೆ. ಎಲ್ಲೆಡೆಯೂ ನಮಗೆ ಎದುರಾಗುವುದು ದುಡಿಯುವ ಕೈಗಳು. ಆ ಕೈಗಳ ಗುರುತು ಹೊಳಪಿನಲ್ಲಿ ಉಳಿಯದಿರುವುದೇ ಈ ಚರಿತ್ರೆಯ ವೈಚಿತ್ರ್ಯ.

ಸಾರೋಟಿನಿಂದ ಕಾರಿಗೆ

ಮೊದಲ ಕಾರುಗಳು ಎಂಜಿನ್ ಕೂರಿಸಿದ ಸಾರೋಟುಗಳಂತೆಯೇ ಇದ್ದವು. ಕುದುರೆಗಾಡಿಗಳ ಮೈ ಕಟ್ಟುತ್ತಿದ್ದ ಕುಶಲಕರ್ಮಿಗಳೇ ಅವುಗಳ ಮೈಯನ್ನೂ ಕಟ್ಟಿದರು. ಬಣ್ಣ ಬಳಿಯುವ ಕ್ರಮವೂ ಅದೇ. ಅಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಕುಂಚದಿಂದ ಹಚ್ಚುವುದು, ಒಣಗಲು ಬಿಡುವುದು, ಉಜ್ಜಿ ನುಣುಪು ಮಾಡುವುದು, ಮತ್ತೆ ಹಚ್ಚುವುದು. ಹೀಗೆ ಪದರದ ಮೇಲೆ ಪದರ ಹಚ್ಚಿ ಕೊನೆಗೆ ಮರದ ಅಂಟಿನಿಂದ ತಯಾರಿಸಿದ ವಾರ್ನಿಶ್ ಎಳೆಯುತ್ತಿದ್ದರು. ಒಂದು ಗಾಡಿಯ ಬಣ್ಣದ ಕೆಲಸ ಮುಗಿಯಲು ವಾರಗಳೇ ಬೇಕಾಗುತ್ತಿದ್ದವು. ಇಷ್ಟೆಲ್ಲ ಮಾಡಿದರೂ ಆ ಬಣ್ಣ ಬಿಸಿಲು, ಮಳೆ, ಕೆಸರುಗಳಿಗೆ ಬೇಗನೆ ಸೋಲುತ್ತಿತ್ತು. ಕೆಸರು ಒಣಗುವ ಮುನ್ನ ತೊಳೆಯದಿದ್ದರೆ ವಾರ್ನಿಶ್ ಮೇಲೆ ಕಲೆ ಕೂರುತ್ತಿತ್ತು. ಆದ್ದರಿಂದ ಗಾಡಿ ಹೊರಗೆ ಹೋಗಿ ಬಂದಾಗಲೆಲ್ಲ ತಣ್ಣೀರು ಸುರಿದು ಕೆಸರು ಇಳಿಸಿ, ಮೆತ್ತನೆಯ ತೊಗಲಿನಿಂದ ಒರೆಸುವುದು ಲಾಯದ ಆಳಿನ ನಿತ್ಯದ ಕೆಲಸವಾಗಿತ್ತು.

ಆ ತೊಗಲಿನ ಹೆಸರು ಇಂದಿಗೂ ಬಳಕೆಯಲ್ಲಿದೆ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಓಡಾಡುವ ಶಾಮ್ವಾ ಎಂಬ ಕಾಡುಮೇಕೆಯ ಚರ್ಮವನ್ನು ಮೀನೆಣ್ಣೆಯಿಂದ ಹದಮಾಡಿದರೆ ಅದು ಬಟ್ಟೆಯಂತೆ ಮೆತ್ತಗಾಗಿ ನೀರು ಹೀರಿಕೊಳ್ಳುತ್ತಿತ್ತು. ಮುಂದೆ ಕುರಿಯ ಚರ್ಮ ಆ ಸ್ಥಾನಕ್ಕೆ ಬಂತು, ಹೆಸರು ಉಳಿಯಿತು. ಕಾರು ಒರೆಸುವ ಬಟ್ಟೆಗೆ ಅಂಗಡಿಗಳಲ್ಲಿ ‘ಶಾಮಿ’ ಎನ್ನುವುದು ಈ ಮೇಕೆಯ ನೆನಪಿನಿಂದಲೇ.

ಕಾರು ಬಂದಾಗ ಲಾಯದ ಆಳಿನ ಜಾಗಕ್ಕೆ ‘ಶೋಫರ್’ ಬಂದ. ಫ್ರೆಂಚ್ ಭಾಷೆಯಲ್ಲಿ ಈ ಪದದ ಮೂಲ ಅರ್ಥ ಬೆಂಕಿಗೆ ಇಂಧನ ಹಾಕುವವನು ಎಂದು. ಉಗಿಯಂತ್ರದ ಕಾಲದ ಪದವದು. ಕಾರು ಓಡಿಸುವುದು, ದುರಸ್ತಿ ಮಾಡುವುದು, ತೊಳೆಯುವುದು, ಹಿತ್ತಾಳೆಯ ದೀಪಗಳನ್ನು ಉಜ್ಜುವುದು ಎಲ್ಲವೂ ಅವನ ಪಾಲಿನ ಕೆಲಸ.

ಇಲ್ಲೊಂದು ಸ್ವಾರಸ್ಯದ ಸಂಗತಿಯಿದೆ. ಅಂದಿನ ಐಷಾರಾಮಿ ಕಾರುಗಳಲ್ಲಿ ಮಾಲಕ ಕೂರುವ ಹಿಂದಿನ ಭಾಗಕ್ಕೆ ಮಾತ್ರ ಮಾಡು, ಗಾಜುಗಳಿದ್ದವು. ಚಾಲಕ ಕೂರುವ ಮುಂಭಾಗ ಗಾಳಿಗೂ ಮಳೆಗೂ ತೆರೆದುಕೊಂಡಿರುತ್ತಿತ್ತು. ಹಿಂದಿನ ಸೀಟಿಗೆ ನವಿರಾದ ಉಣ್ಣೆಯ ಬಟ್ಟೆ. ಮುಂದಿನ ಸೀಟಿಗೆ ಚರ್ಮ! ಕಾರಣ ಸರಳ. ಮಳೆಯಲ್ಲಿ ಒದ್ದೆಯಾದರೂ ಚರ್ಮ ತಾಳಿಕೊಳ್ಳುತ್ತದೆ. ಇಂದು ಶ್ರೀಮಂತಿಕೆಯ ಗುರುತಾಗಿರುವ ಚರ್ಮದ ಸೀಟು ಒಂದು ಕಾಲಕ್ಕೆ ಸೇವಕನ ಸೀಟಾಗಿತ್ತು ಎಂಬುದು ಎಷ್ಟು ಮಂದಿಗೆ ಗೊತ್ತು?

ಕಪ್ಪು ಬಣ್ಣದ ಕಾಲ

1908ರಲ್ಲಿ ಹೆನ್ರಿ ಫೋರ್ಡ್ ‘ಮಾಡೆಲ್ ಟಿ’ ಕಾರನ್ನು ಮಾರುಕಟ್ಟೆಗೆ ತಂದರು. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಆರಂಭವಾಯಿತು. ಕಾರಿನ ಚಾಸಿಯೊಂದನ್ನು ಜೋಡಿಸಲು ಹಿಂದೆ ಹನ್ನೆರಡೂವರೆ ಗಂಟೆ ಹಿಡಿಯುತ್ತಿತ್ತು. ಮರುವರ್ಷ ಅದು ಒಂದೂವರೆ ಗಂಟೆಗೆ ಇಳಿಯಿತು. ಆದರೆ ಬಣ್ಣ ಒಣಗದೆ ಕಾರು ಹೊರಗೆ ಹೋಗುವಂತಿಲ್ಲ. ದಿನಕ್ಕೆ ಸಾವಿರ ಕಾರು ತಯಾರಿಸುವ ಕಾರ್ಖಾನೆಯಲ್ಲಿ ಬಣ್ಣ ಒಣಗಲು ಮೂರು ವಾರ ಬೇಕೆಂದರೆ ಇಪ್ಪತ್ತು ಸಾವಿರ ಕಾರುಗಳನ್ನು ಮಾಡಿನ ಕೆಳಗೆ ನಿಲ್ಲಿಸಬೇಕು!

ಫೋರ್ಡ್ ಕಂಡುಕೊಂಡ ದಾರಿ, ಡಾಂಬರಿನ ಜಾತಿಯ ವಸ್ತುವಿನಿಂದ ತಯಾರಿಸಿ ಒಲೆಯಲ್ಲಿ ಬೇಯಿಸಿ ಗಟ್ಟಿ ಮಾಡುವ ಕಪ್ಪು ಬಣ್ಣ. ಅಗ್ಗವಾಗಿತ್ತು, ಗಟ್ಟಿಯಾಗಿತ್ತು. 1914ರಿಂದ 1925ರ ತನಕ ಮಾಡೆಲ್ ಟಿ ಕಪ್ಪು ಬಣ್ಣದಲ್ಲಷ್ಟೇ ಸಿಗುತ್ತಿತ್ತು. ಆರಂಭದಲ್ಲಿ 850 ಡಾಲರಿದ್ದ ಬೆಲೆ ಆ ಹೊತ್ತಿಗೆ 300 ಡಾಲರಿಗೂ ಕೆಳಗಿಳಿದಿತ್ತು.

ಈ ಬಗೆಯ ಬಣ್ಣಕ್ಕೆ ‘ಜಪಾನ್ ಬ್ಲ್ಯಾಕ್’ ಎಂದು ಹೆಸರು. ಜಪಾನಿನ ಹೆಸರು ಇಲ್ಲಿಗೆ ಬಂದದ್ದು ಹೇಗೆ? ಹದಿನೇಳನೇ ಶತಮಾನದಲ್ಲಿ ಜಪಾನಿನ ಮೆರುಗಿನ ಪೆಟ್ಟಿಗೆಗಳು ಯುರೋಪಿನ ಶ್ರೀಮಂತರನ್ನು ಮರುಳು ಮಾಡಿದ್ದವು. ಅವು ಅಲ್ಲಿನ ಒಂದು ಮರದ ಹಾಲಿನಿಂದ ತಯಾರಾಗುತ್ತಿದ್ದವು. ಆ ಹಾಲು ಯುರೋಪಿಗೆ ಸಿಗದು. ಆದ್ದರಿಂದ ಇಂಗ್ಲೆಂಡಿನ ಕುಶಲಕರ್ಮಿಗಳು ಅದರ ನಕಲು ಮಾಡತೊಡಗಿದರು. ನಕಲಿಗೆ ಅವರು ಬಳಸಿದ ಮುಖ್ಯ ವಸ್ತು ಭಾರತದಿಂದ ಹಡಗಿನಲ್ಲಿ ಹೋದ ಅರಗು.

ಅರಗಿನ ಹೊಳಪು ನಮಗೆ ಹೊಸದಲ್ಲ. ಚನ್ನಪಟ್ಟಣದ ಬೊಂಬೆ ಕೈಯಲ್ಲಿ ಹಿಡಿದವರಿಗೆ ಅದು ಗೊತ್ತು. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆ ಮೇಲೆ ಕೇದಗೆಯ ಒಣಗಿದ ಎಲೆಯಿಂದ ತಿಕ್ಕಿದಾಗ ಮೆರುಗು ಏಳುತ್ತದೆ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಗೆ ಆಸರೆ ಕೊಟ್ಟನೆಂಬ ಪ್ರತೀತಿಯಿದೆ. ಹೊಳಪು ಬಳಿದಾಗ ಬರುವುದಿಲ್ಲ, ಉಜ್ಜಿದಾಗ ಬರುತ್ತದೆ ಎಂಬ ಪಾಠವನ್ನು ಚನ್ನಪಟ್ಟಣದ ಅಕ್ಕತಂಗಿಯರೂ ಅಣ್ಣತಮ್ಮಂದಿರೂ ಕಾರು ಹುಟ್ಟುವ ಮೊದಲೇ ಬಲ್ಲವರಾಗಿದ್ದರು.

ಡೂಕೋ ಎಂಬ ಪದ

ನಮ್ಮೂರಿನ ಬಡಗಿಗಳು, ಪೇಂಟರ್‌ಗಳು ಬಾಗಿಲಿಗೋ ಕಪಾಟಿಗೋ ಸ್ಪ್ರೇ ಹೊಡೆಯುವಾಗ ‘ಡೂಕೋ ಪೇಂಟ್’ ಎನ್ನುವುದನ್ನು ಓದುಗರು ಕೇಳಿರಬಹುದು. ಈ ಪದ ನೂರು ವರ್ಷ ಹಳೆಯದು. ಅದರ ಹಿಂದೆ ಯುದ್ಧವೊಂದರ ನೆರಳಿದೆ.

ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದಿ ತೆಗೆದರೆ ಅದು ಸ್ಫೋಟಕವಾಗುತ್ತದೆ ಎಂಬುದನ್ನು 1846ರಲ್ಲಿ ಶೋನ್‌ಬೈನ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದಿದ್ದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿ ಇದೇ ರೀತಿಯ ಸಿಡಿಮದ್ದನ್ನು ಅಪಾರ ಪ್ರಮಾಣದಲ್ಲಿ ತಯಾರಿಸಿತು. ಯುದ್ಧ ಮುಗಿಯಿತು. ಕಾರ್ಖಾನೆಗಳು, ಕಚ್ಚಾವಸ್ತು, ಅನುಭವ ಎಲ್ಲವೂ ಉಳಿದವು. ಇವನ್ನೆಲ್ಲ ಯಾವುದಕ್ಕೆ ಬಳಸುವುದು? 1920ರಲ್ಲಿ ಕಂಪೆನಿಯ ಪ್ರಯೋಗದಲ್ಲಿ ಆಕಸ್ಮಿಕವಾಗಿ ಉತ್ತರ ಸಿಕ್ಕಿತು. ನೈಟ್ರೇಟ್ ಮಾಡಿದ ಹತ್ತಿಯ ದ್ರಾವಣ ತೆಳ್ಳಗಾಗಿಯೇ ಉಳಿದು, ಹೆಚ್ಚು ಬಣ್ಣವನ್ನು ಹಿಡಿದುಕೊಳ್ಳಬಲ್ಲದು ಎಂದು ಗೊತ್ತಾಯಿತು. ಅದನ್ನು ಸ್ಪ್ರೇ ಮಾಡಿದರೆ ವಾರಗಳಲ್ಲಿ ಒಣಗುತ್ತಿದ್ದ ಬಣ್ಣ ಗಂಟೆಗಳಲ್ಲಿ ಒಣಗುತ್ತಿತ್ತು. ಇದೇ ‘ಡೂಕೋ’. 1923ರಲ್ಲಿ ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರು ನೀಲಿ ಡೂಕೋ ಬಣ್ಣ ತೊಟ್ಟು ಹೊರಬಂತು. ಕಪ್ಪು ಬಣ್ಣದ ಯುಗ ಮುಗಿಯತೊಡಗಿತು. 1926ರಲ್ಲಿ ಫೋರ್ಡ್ ಕೂಡಾ ಬೇರೆ ಬಣ್ಣಗಳಿಗೆ ಮರಳಬೇಕಾಯಿತು.

ಡ್ಯೂಪಾಂಟ್ ಅಂದು ಜನರಲ್ ಮೋಟಾರ್ಸ್‌ನ ದೊಡ್ಡ ಪಾಲುದಾರನಾಗಿತ್ತು. ತನ್ನ ಬಣ್ಣ ಮತ್ತು ಸೀಟಿನ ಬಟ್ಟೆಗೆ ಮಾರುಕಟ್ಟೆ ಗಟ್ಟಿಮಾಡಿಕೊಳ್ಳಲು ಆ ಪಾಲು ದಾರಿಯಾಗಿದೆ ಎಂಬ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯಿತು. 1957ರಲ್ಲಿ ತೀರ್ಪು ಡ್ಯೂಪಾಂಟ್ ವಿರುದ್ಧ ಬಂತು. ಕಾರಿನ ಮೈಬಣ್ಣ ಎಷ್ಟು ದೊಡ್ಡ ವ್ಯಾಪಾರವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಡೂಕೋದಲ್ಲೊಂದು ಕೊರತೆಯಿತ್ತು. ಸ್ಪ್ರೇ ಮಾಡಿದ ಕೂಡಲೇ ಅದು ಹೊಳೆಯುತ್ತಿರಲಿಲ್ಲ. ನೀರು ಹಾಕಿ ಉಜ್ಜುಕಾಗದದಿಂದ ತಿಕ್ಕಿ, ನುಣ್ಣಗಿನ ಪುಡಿಯ ಲೇಹ್ಯ ಹಚ್ಚಿ ಮತ್ತೆ ತಿಕ್ಕಿದರೆ ಮಾತ್ರ ಅದು ಕನ್ನಡಿಯಾಗುತ್ತಿತ್ತು. ಬಿಸಿಲಿನಲ್ಲಿ ಕೆಲವು ತಿಂಗಳು ನಿಂತರೆ ಮತ್ತೆ ಮಂಕಾಗುತ್ತಿತ್ತು. ನಮ್ಮ ಗ್ಯಾರೇಜುಗಳಲ್ಲಿ ‘ರಬ್ಬಿಂಗ್’ ಎನ್ನುವ ಕೆಲಸಕ್ಕೆ ಹುಡುಗರನ್ನು ಹಚ್ಚುವ ಪದ್ಧತಿ ಬೆಳೆದುಬಂದದ್ದು ಹೀಗೆ. ಟಿಂಕರಿಂಗ್ ಕಲಿಯಲು ಬಂದ ಹುಡುಗ ಮೊದಲ ವರ್ಷವೆಲ್ಲ ಎಮೆರಿ ಕಾಗದ ಹಿಡಿದು ಉಜ್ಜಬೇಕು. ಬಣ್ಣದ ದೂಳು, ಥಿನ್ನರ್‌ನ ವಾಸನೆ ಎರಡೂ ಅವನ ಎದೆಗೇ ಇಳಿಯುತ್ತವೆ. ಮುಖಕ್ಕೆ ಒಂದು ಕರವಸ್ತ್ರ ಕಟ್ಟಿಕೊಂಡರೆ ಅದೇ ದೊಡ್ಡ ರಕ್ಷಣೆ.

ತಾಳೆಯ ಎಲೆಯ ಮೇಣ

ಉಜ್ಜಿ ತಂದ ಹೊಳಪು ಉಳಿಯಬೇಕಾದರೆ ಅದರ ಮೇಲೊಂದು ಕಾಪು ಬೇಕು. ಮೇಣದ ಕಥೆ ಆರಂಭವಾಗುವುದು ಇಲ್ಲಿಂದ. 1910ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಜಾರ್ಜ್ ಸೈಮನ್ಸ್ ಎಂಬಾತ ಕಾರಿನ ಮೈಗೆ ಹಚ್ಚುವ ಮೇಣ ತಯಾರಿಸಿದ. ಅದಕ್ಕೆ ‘ಸೈಮನೈಝ್’ ಎಂದು ಹೆಸರು. ಅದು ಎಷ್ಟು ಹೆಸರು ಮಾಡಿತೆಂದರೆ ಹೊಳಪು ಬರುವಂತೆ ಉಜ್ಜುವುದು ಎಂಬ ಅರ್ಥದಲ್ಲಿ ಇಂಗ್ಲಿಷ್ ನಿಘಂಟುಗಳಲ್ಲಿ ಒಂದು ಕ್ರಿಯಾಪದವೇ ಸೇರಿಕೊಂಡಿತು. 1940ರ ದಶಕದಲ್ಲಿ ಷಿಕಾಗೋದ ಬೆನ್ ಹರ್ಷ್ ಮನೆಯ ಸ್ನಾನದ ತೊಟ್ಟಿಯಲ್ಲಿ ಪಾಲಿಶ್ ಕಲಸಿ ಮಾರಲು ಹೊರಟದ್ದು ಮುಂದೆ ‘ಟರ್ಟಲ್ ವ್ಯಾಕ್ಸ್’ ಆಯಿತು ಎಂಬುದು ಆ ಕಂಪೆನಿ ಹೇಳಿಕೊಂಡು ಬಂದಿರುವ ಕಥೆ.

ಡಬ್ಬಿಗಳ ಹೆಸರು ಬೇರೆ ಬೇರೆ. ಒಳಗಿನ ಮೇಣಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಕಾರ್ನೌಬಾ. ಇದು ಬ್ರೆಝಿಲ್‌ನ ಈಶಾನ್ಯ ಭಾಗದಲ್ಲಿ, ಸಿಯಾರಾ, ಪಿಯಾವಿ, ರಿಯೊ ಗ್ರಾಂಡೆ ಡು ನಾರ್ಟೆ ರಾಜ್ಯಗಳಲ್ಲಿ ಬೆಳೆಯುವ ಒಂದು ತಾಳೆ. ನಮ್ಮ ಬಯಲುಸೀಮೆಯಂತೆ ಅದೂ ಮಳೆ ಕಡಿಮೆಯ ನಾಡು. ಬಿರುಬಿಸಿಲಿನಲ್ಲಿ ಎಲೆಯೊಳಗಿನ ನೀರು ಆರಿ ಹೋಗದಂತೆ ಮರ ತನ್ನ ಎಲೆಗಳ ಮೇಲೆ ಮೇಣದ ಪುಡಿಯನ್ನು ಹೊದೆದುಕೊಳ್ಳುತ್ತದೆ. ಅದು ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್ ತನಕ ಕರಗದು. ಜೇನುಮೇಣವಾದರೋ 65 ಡಿಗ್ರಿ ತಲುಪುವ ಹೊತ್ತಿಗೆಲ್ಲ ನೀರಾಗುತ್ತದೆ. ಬಿಸಿಲಿಗೆ ಕಾದ ಕಾರಿನ ತಗಡಿನ ಮೇಲೆ ಕಾರ್ನೌಬಾ ನಿಲ್ಲುವುದು ಈ ಗುಣದಿಂದಲೇ. ಮರ ತನ್ನ ನೀರು ಉಳಿಸಿಕೊಳ್ಳಲು ಮಾಡಿಕೊಂಡ ಏರ್ಪಾಡನ್ನು ಮನುಷ್ಯ ತನ್ನ ಕಾರಿನ ಮೇಲೆ ನೀರು ನಿಲ್ಲದಿರಲು ಬಳಸಿಕೊಂಡ.

ಅಮೆರಿಕದ ರಸೀನ್ ಪಟ್ಟಣದಲ್ಲಿ ಮರದ ನೆಲಹಾಸು ಮಾರುತ್ತಾ ಮೇಣದ ವ್ಯಾಪಾರಕ್ಕೆ ಇಳಿದ ಜಾನ್ಸನ್ ಕಂಪೆನಿ ಈ ತಾಳೆಯನ್ನು ಎಷ್ಟು ನೆಚ್ಚಿಕೊಂಡಿತ್ತೆಂದರೆ, 1935ರಲ್ಲಿ ಅದರ ಮುಖ್ಯಸ್ಥ ಎಚ್.ಎಫ್. ಜಾನ್ಸನ್ ನೀರಿನ ಮೇಲೂ ಇಳಿಯಬಲ್ಲ ಸಿಕೋರ್ಸ್ಕಿ ವಿಮಾನವೇರಿ ಬ್ರೆಝಿಲ್‌ನ ಫೋರ್ಟಾಲೆಝಾಕ್ಕೆ ಹೋದ. ವಿಮಾನಕ್ಕೆ ಇಟ್ಟ ಹೆಸರೂ ಕಾರ್ನೌಬಾ. 1998ರಲ್ಲಿ ಅವನ ಮಗ ಅಂಥದೇ ವಿಮಾನ ಕಟ್ಟಿಸಿ ಅದೇ ಹಾದಿಯಲ್ಲಿ ಮತ್ತೊಮ್ಮೆ ಹಾರಿದ. ಈ ಸಾಹಸದ ಬಗ್ಗೆ ಬರಹಗಳೂ ಚಿತ್ರಗಳೂ ಇವೆ.

ಎಲೆ ಕೊಯ್ಯುವವನ ಬಗ್ಗೆ ಅಷ್ಟು ಬರಹಗಳಿಲ್ಲ. ಒಣ ತಿಂಗಳುಗಳಲ್ಲಿ ಉದ್ದನೆಯ ಗಳುವಿನ ತುದಿಗೆ ಕತ್ತಿ ಕಟ್ಟಿ ಅವನು ಮುಳ್ಳು ತೊಟ್ಟಿನ ಎಲೆಗಳನ್ನು ಕತ್ತರಿಸಿ ಬೀಳಿಸುತ್ತಾನೆ. ಮರವನ್ನು ಕಡಿಯುವುದಿಲ್ಲ, ಎಲೆ ಮತ್ತೆ ಚಿಗುರುತ್ತದೆ. ಕೊಯ್ದ ಎಲೆಗಳನ್ನು ಬಿಸಿಲಿಗೆ ಹರಡಿ ಒಣಗಿಸುತ್ತಾರೆ. ಒಣಗಿದ ಎಲೆಗಳನ್ನು ಬಡಿದಾಗ ಮೇಣ ಪುಡಿಯಾಗಿ ಉದುರುತ್ತದೆ. ಗಾಳಿಗೆ ಹಾರಿಹೋಗಬಾರದೆಂದು ಹಿಂದೆಲ್ಲ ಮುಚ್ಚಿದ ಕೋಣೆಯೊಳಗೆ ಬಡಿಯುತ್ತಿದ್ದರು. ಬಡಿಯುವವನ ಮೂಗು, ಕಣ್ಣುಗಳ ಗತಿ ಏನೆಂದು ನಾವು ಊಹಿಸಬಹುದು. ಈಚೆಗೆ ಯಂತ್ರಗಳು ಬಂದಿವೆ. ಆದರೆ 2010ರ ದಶಕದಲ್ಲಿಯೂ ಬ್ರೆಝಿಲ್‌ನ ಕಾರ್ಮಿಕ ಅಧಿಕಾರಿಗಳು ಈ ತೋಪುಗಳಿಗೆ ಹೋದಾಗ ಶೌಚಾಲಯವಿಲ್ಲದೆ, ಶುದ್ಧ ನೀರಿಲ್ಲದೆ, ಮರದಡಿಯೇ ಮಲಗುತ್ತಿದ್ದ ಕಾರ್ಮಿಕರನ್ನು ಕಂಡು ಬಿಡಿಸಿದ್ದುಂಟು. 2017ರಲ್ಲಿ ಜರ್ಮನಿಯ ಸಾರ್ವಜನಿಕ ದೂರದರ್ಶನ ಇದನ್ನು ತೋರಿಸಿದಾಗ ಯುರೋಪಿನ ಗ್ರಾಹಕರು ಬೆಚ್ಚಿಬಿದ್ದರು. ಮಿಠಾಯಿಯ ಮೇಲಿನ ಮಿರುಗು ಕೂಡಾ ಇದೇ ಮೇಣದ್ದು ಎಂದು ಅವರಿಗೆ ತಿಳಿದದ್ದು ಆಗಲೇ.

ಚರ್ಮದ ದಾರಿ

ಇನ್ನು ಕಾರಿನ ಒಳಗೆ ಬರೋಣ. ಹಸಿ ತೊಗಲು ಕೊಳೆಯುತ್ತದೆ. ಹದಮಾಡಿದ ಚರ್ಮ ಶತಮಾನ ಬಾಳುತ್ತದೆ. ಕೆಲವು ಗಿಡಮರಗಳ ತೊಗಟೆಯಲ್ಲಿರುವ ಒಗರು ತೊಗಲಿನ ನಾರುಗಳನ್ನು ಒಂದಕ್ಕೊಂದು ಬಿಗಿದು ಕೊಳೆಯದಂತೆ ಮಾಡುತ್ತದೆ. ಈ ವಿದ್ಯೆಯಲ್ಲಿ ಮುಸ್ಲಿಂ ಸ್ಪೇನ್ ಹೆಸರುವಾಸಿಯಾಗಿತ್ತು. ಕುರ್ತುಬಾ ಅಥವಾ ಕಾರ್ಡೋಬಾ ನಗರದ ಚರ್ಮ ಯುರೋಪಿನಾದ್ಯಂತ ಎಷ್ಟು ಬೇಡಿಕೆ ಪಡೆದಿತ್ತೆಂದರೆ ಇಂಗ್ಲಿಷಿನಲ್ಲಿ ಪಾದರಕ್ಷೆ ಹೊಲಿಯುವವನಿಗೆ ‘ಕಾರ್ಡ್‌ವೇನರ್’ ಎಂಬ ಹೆಸರು ಬಂದದ್ದೇ ಆ ನಗರದಿಂದ. ಹಳೆಯ ಗ್ರಂಥಗಳ ರಟ್ಟಿಗೆ ಬಳಸುತ್ತಿದ್ದ ಮೇಕೆಯ ಚರ್ಮಕ್ಕೆ ‘ಮೊರಾಕೊ’ ಎಂದೇ ಹೆಸರು. ಮೊರಾಕೊದ ಫೆಝ್ ನಗರದಲ್ಲಿ ಇಂದಿಗೂ ಜೇನುಗೂಡಿನಂತೆ ಜೋಡಿಸಿದ ಕಲ್ಲಿನ ಗುಂಡಿಗಳಲ್ಲಿ ಇಳಿದು, ಸುಣ್ಣದ ನೀರು ಮತ್ತು ಪಾರಿವಾಳದ ಹಿಕ್ಕೆಯ ನಡುವೆ ಮೊಣಕಾಲುದ್ದ ನಿಂತು ಚರ್ಮ ತುಳಿಯುವವರಿದ್ದಾರೆ. ಪ್ರವಾಸಿಗರು ಪುದೀನ ಸೊಪ್ಪನ್ನು ಮೂಗಿಗೆ ಹಿಡಿದುಕೊಂಡು ಮೇಲಿನಿಂದ ಫೋಟೋ ತೆಗೆಯುತ್ತಾರೆ.

ನಮ್ಮಲ್ಲಿ ಒಗರು ಕೊಟ್ಟದ್ದು ಹೊಲದ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ. ಇದನ್ನೇ ಆವರಿಕೆ ಎಂದೂ ಕರೆಯುತ್ತಾರೆ. ಇದರ ತೊಗಟೆಯಲ್ಲಿ ಹದವಾದ ದಕ್ಷಿಣ ಭಾರತದ ಚರ್ಮ ಮದರಾಸು ಬಂದರಿನಿಂದ ಲಂಡನ್‌ಗೆ ಹೋಗುತ್ತಿತ್ತು. ಆಂಬೂರು, ವಾಣಿಯಂಬಾಡಿ, ಪೇರ್ಣಾಂಬಟ್ಟುಗಳ ಮುಸ್ಲಿಂ ವರ್ತಕರು ಈ ವ್ಯಾಪಾರದಲ್ಲಿ ಮುಂಚೂಣಿಯಲ್ಲಿದ್ದರು. ಗುಂಡಿಗೆ ಇಳಿದು ದುಡಿದವರಲ್ಲಿ ಹೆಚ್ಚಿನವರು ದಲಿತರು.

ತೊಗಟೆಯಲ್ಲಿ ಚರ್ಮ ಹದವಾಗಲು ವಾರಗಳು, ದಪ್ಪ ಚರ್ಮಕ್ಕೆ ತಿಂಗಳುಗಳು ಬೇಕು. 1884ರಲ್ಲಿ ನ್ಯೂಯಾರ್ಕಿನಲ್ಲಿ ಅಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ತಿಂಗಳ ಕೆಲಸ ದಿನಗಳಿಗೆ ಇಳಿಯಿತು. ಚರ್ಮ ಮೆತ್ತಗಾಗಿ, ನೀರಿಗೂ ಬಿಸಿಗೂ ಹೆಚ್ಚು ತಾಳುವಂತಾಯಿತು. ಭಾರತದಲ್ಲಿ ಇದರ ಪ್ರಯೋಗ ಮಾಡಿದವರಲ್ಲಿ ಮೊದಲಿಗರು ಮದರಾಸಿನಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್. ಮುಂದೆ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದರು. ಚೆನ್ನೈನ ಒಂದು ಬಡಾವಣೆಗೆ ಕ್ರೋಮ್‌ಪೇಟೆ ಎಂಬ ಹೆಸರು ಬಂದದ್ದು ಅಲ್ಲಿದ್ದ ಕ್ರೋಮ್ ಚರ್ಮದ ಕಾರ್ಖಾನೆಯಿಂದ.

ಬೇಗ ಹದವಾಗುವುದಕ್ಕೆ ಬೆಲೆ ತೆತ್ತದ್ದು ನದಿ. ಪಾಲಾರ್ ಹುಟ್ಟುವುದು ನಮ್ಮ ನಂದಿ ಬೆಟ್ಟದ ಸಾಲಿನಲ್ಲಿ. ಕೋಲಾರದ ಕೆರೆಗಳನ್ನು ಹಾದು ಆಂಧ್ರದ ಮೂಲಕ ಅದು ತಮಿಳುನಾಡಿಗೆ ಹೋಗುತ್ತದೆ. ವೆಲ್ಲೂರು ಸೀಮೆಯ ಚರ್ಮದ ಕಾರ್ಖಾನೆಗಳ ಹೊಲಸು ಅದನ್ನು ಸೇರಿ ಬಾವಿಗಳು ಕೆಟ್ಟವು, ಹೊಲಗಳು ಬರಡಾದವು. 1996ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟು, ಮಲಿನ ಮಾಡಿದವರೇ ನಷ್ಟ ತುಂಬಿಕೊಡಬೇಕೆಂಬ ತತ್ವವನ್ನು ಎತ್ತಿಹಿಡಿಯಿತು. ಇಷ್ಟಾದರೂ 2025ರ ಜನವರಿಯಲ್ಲಿ ಅದೇ ನದಿಯ ಬಗ್ಗೆ, ಪರಿಹಾರದ ಬಗ್ಗೆ ಕೋರ್ಟ್ ಮತ್ತೊಮ್ಮೆ ಆದೇಶ ಕೊಡಬೇಕಾಯಿತು. ಅಲ್ಲಿ ಹದವಾಗುವ ಚರ್ಮದ ಹೆಚ್ಚಿನ ಪಾಲು ಹೋಗುವುದು ಪಾದರಕ್ಷೆ, ಚೀಲಗಳಿಗೆ. ಆದರೆ ಕಾರಿನ ಸೀಟಿನ ಚರ್ಮದಲ್ಲಿಯೂ ಬಹಳಷ್ಟು ಹದವಾಗುವುದು ಇದೇ ಕ್ರೋಮಿಯಂನಲ್ಲಿ.

1878ರಲ್ಲಿ ಲಂಡನ್ನಿನಲ್ಲಿ ಪಾದರಕ್ಷೆ ದುರಸ್ತಿಯ ಅಂಗಡಿ ತೆರೆದ ಕೊನೊಲಿ ಸಹೋದರರು ಮುಂದೆ ರೋಲ್ಸ್ ರಾಯ್ಸ್ ಕಾರುಗಳಿಗೆ ಚರ್ಮ ಒದಗಿಸುವವರಾದರು. ರಾಜರ ಸಾರೋಟಿಗೂ ಅವರ ಚರ್ಮ ಹೋಯಿತು. ಅಲ್ಲಿ ಚಪ್ಪಲಿ ಹೊಲಿಯುವ ಕಸುಬು ಗೌರವದ ಮೆಟ್ಟಿಲಾಯಿತು. ನಮ್ಮಲ್ಲಿ ಏನಾಯಿತು? ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿಕೊಟ್ಟರೆಂಬ ಕಥೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಚರ್ಮ ಮುಟ್ಟುವವನನ್ನು ಮಾತ್ರ ಊರ ಹೊರಗೇ ಇರಿಸಿದೆವು. ಅವನು ಹದಮಾಡಿದ ಚರ್ಮದ ಮೇಲೆ ಕೂರಲು ನಮಗೆ ಮೈಲಿಗೆಯಾಗಲಿಲ್ಲ!

ಒರೆಸುವ ಮುನ್ನ

ಇಷ್ಟೆಲ್ಲ ತಿಳಿದ ಮೇಲೆ ಕಾರನ್ನು ತೊಳೆಯುವ ಕ್ರಮದ ಬಗ್ಗೆಯೂ ಎರಡು ಮಾತು ಹೇಳಬೇಕು. 1980ರ ದಶಕದಿಂದೀಚೆಗೆ ಕಾರುಗಳ ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಪದರ ಬರತೊಡಗಿತು. ಈಗ ನಾವು ತೊಳೆಯುವುದೂ ಉಜ್ಜುವುದೂ ಆ ಪದರವನ್ನೇ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಪ್ರತಿ ಸಲ ಯಂತ್ರದಿಂದ ಪಾಲಿಶ್ ಮಾಡಿಸಿದಾಗಲೂ ಅದರಲ್ಲಿ ಒಂದಿಷ್ಟು ಸವೆಯುತ್ತದೆ. ಪದೇ ಪದೇ ಪಾಲಿಶ್ ಮಾಡಿಸುವುದು ಕಾರಿನ ಮೇಲಿನ ಪ್ರೀತಿಯೇನೂ ಅಲ್ಲ.

ದೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಒಣ ದೂಳನ್ನು ಒಣಬಟ್ಟೆಯಿಂದ ಒರೆಸಿದರೆ ಆ ಕಣಗಳು ಬಣ್ಣದ ಮೇಲೆ ಗೀರು ಎಳೆಯುತ್ತವೆ. ಬಿಸಿಲಿನಲ್ಲಿ ನೋಡಿದಾಗ ಕಾರಿನ ಮೈಮೇಲೆ ಜೇಡರ ಬಲೆಯಂತೆ ಕಾಣುವುದು ಈ ಗೀರುಗಳೇ. ಆದ್ದರಿಂದ ಮೊದಲು ನೀರು ಚಿಮುಕಿಸಿ ದೂಳು ಇಳಿಸಬೇಕು. ನೆರಳಿನಲ್ಲಿ, ಮೇಲಿನಿಂದ ಕೆಳಗೆ ತೊಳೆಯಬೇಕು. ಸಾಬೂನು ನೀರಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು, ಹೀಗೆ ಎರಡು ಬಕೆಟ್ ಇದ್ದರೆ ಕೆಸರು ಮತ್ತೆ ಮೈಗೆ ಹತ್ತದು. ಪಾತ್ರೆ, ಬಟ್ಟೆ ತೊಳೆಯುವ ಪುಡಿ ಹಾಕಿದರೆ ಇದ್ದ ಮೇಣವೂ ತೊಳೆದು ಹೋಗುತ್ತದೆ. ಬೋರ್‌ವೆಲ್ ನೀರನ್ನು ಹಾಗೆಯೇ ಒಣಗಲು ಬಿಟ್ಟರೆ ಸುಣ್ಣದ ಬಿಳಿ ಚುಕ್ಕೆಗಳು ಉಳಿಯುತ್ತವೆ. ಹಕ್ಕಿಯ ಹಿಕ್ಕೆಯನ್ನು ಅಂದೇ ನೆನೆಸಿ ತೆಗೆಯದಿದ್ದರೆ ಅದು ಬಣ್ಣವನ್ನು ತಿನ್ನುತ್ತದೆ.

ಮೇಣ ತಾನಾಗಿ ಹೊಳೆಯುವ ವಸ್ತುವಲ್ಲ. ಅದು ಸಣ್ಣ ಗೀರುಗಳನ್ನು ತುಂಬಿ ಮೈಯನ್ನು ಸಮ ಮಾಡುತ್ತದೆ, ಬೆಳಕು ಚೆದುರದೆ ಹಿಂದಿರುಗುತ್ತದೆ. ಬೆರಳ ತುದಿಯಷ್ಟು ಮೇಣ ಬಾಗಿಲೊಂದಕ್ಕೆ ಸಾಕು. ಸೀಟಿನ ಚರ್ಮದ ವಿಷಯದಲ್ಲಿಯೂ ಹೀಗೆಯೇ. ಇಂದಿನ ಕಾರುಗಳ ಚರ್ಮದ ಮೇಲೆ ಬಣ್ಣ ಮತ್ತು ಪ್ಲಾಸ್ಟಿಕ್‌ನ ತೆಳು ಲೇಪ ಇರುವುದರಿಂದ ಎಣ್ಣೆ ಹಚ್ಚಿದರೆ ಒಳಗಿಳಿಯದು, ಜಿಡ್ಡಾಗಿ ದೂಳು ಹಿಡಿಯುತ್ತದೆ. ಹಿಂಡಿದ ಒದ್ದೆ ಬಟ್ಟೆ, ಮೃದುವಾದ ಸಾಬೂನು, ಬಿಸಿಲಿನಿಂದ ಮರೆ ಇವಿಷ್ಟು ಇದ್ದರೆ ಚರ್ಮ ಬಹುಕಾಲ ಬಾಳುತ್ತದೆ.

ನೀರು ಮತ್ತು ಕೂಲಿ

2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಹೋದಾಗ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರಿನಿಂದ ಕಾರು ತೊಳೆದರೆ 5000 ರೂಪಾಯಿ ದಂಡ! 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಟ್ಯಾಂಕರ್ ಎದುರು ಕೊಡ ಹಿಡಿದು ಹೆಂಗಸರು ಸಾಲು ನಿಂತಿದ್ದ ನಗರದಲ್ಲಿ ಪೈಪು ಬಿಟ್ಟು ಕಾರು ತೊಳೆಯುವುದನ್ನು ತಡೆಯಲು ಕಾನೂನೇ ಬೇಕಾಯಿತೆಂಬುದು ಯೋಚಿಸಬೇಕಾದ ಮಾತು. ಅದೇ ಹೊತ್ತಿಗೆ ದುಬೈಯಂತಹ ನಗರದಲ್ಲಿ ಕಾರನ್ನು ದೂಳು ಹಿಡಿಯಲು ಬೀದಿಯಲ್ಲಿ ಬಿಟ್ಟು ಹೋದರೆ 500 ದಿರ್ಹಂ ದಂಡ. ಅಲ್ಲಿನ ಕಾರುಗಳ ಮೇಲೆ ದಿನವೂ ಕೂರುವ ಮರುಭೂಮಿಯ ದೂಳನ್ನು ಒರೆಸುವವರು ಯಾರು? ದಕ್ಷಿಣ ಏಷ್ಯಾದಿಂದ ಹೋದ ಕೂಲಿಗಳು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿದದ್ದು ‘ಹೌಸ್ ಡ್ರೈವರ್’ ವೀಸಾದಲ್ಲಿ ಗಲ್ಫ್‌ಗೆ ಹೋದ ಮಗನ ಸಂಬಳದಿಂದ. ಬೆಳಗ್ಗೆ ಎದ್ದು ಅರಬಿಯ ಕಾರು ತೊಳೆದು ನಿಲ್ಲಿಸಿದ ಮೇಲೆಯೇ ಅವನ ದಿನ ಆರಂಭವಾಗುತ್ತಿತ್ತು. ಊರಿಗೆ ಬಂದಾಗ ಅವನು ಆ ಕಾರಿನ ಪಕ್ಕ ನಿಂತು ತೆಗೆಸಿದ ಫೋಟೋ ತೋರಿಸುತ್ತಿದ್ದ. ತೊಳೆದ ಮಾತು ಹೇಳುತ್ತಿರಲಿಲ್ಲ.

ನೂರು ವರ್ಷಗಳಲ್ಲಿ ಬಣ್ಣ ಬದಲಾಯಿತು, ಮೇಣದ ಡಬ್ಬಿ ಬದಲಾಯಿತು, ಸೇವಕನ ಸೀಟಿನ ಚರ್ಮ ಮಾಲಕನ ಸೀಟಿಗೆ ಬಂತು. ತೊಳೆಯುವವನ ಸ್ಥಿತಿ ಅಷ್ಟಾಗಿ ಬದಲಾಗಲಿಲ್ಲ. ಲಾಯದ ಆಳು, ಶೋಫರ್, ರಬ್ಬಿಂಗ್ ಹುಡುಗ, ವಾಟರ್ ಸರ್ವಿಸ್‌ನ ಕೆಲಸಗಾರ, ಇವರೆಲ್ಲ ಒಂದೇ ಸಾಲಿನಲ್ಲಿ ನಿಂತವರು. ಇದನ್ನು ಬದಲಿಸಲು ಕ್ರಾಂತಿಯೇನೂ ಬೇಕಾಗಿಲ್ಲ. ಕಾರಿಗೆ ಲಕ್ಷಗಳನ್ನು ಸುರಿಯುವ ನಾವು ಅದನ್ನು ತೊಳೆಯುವವನ ತಿಂಗಳ ಸಂಬಳದಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡದಿರಬಹುದು. ಎಮೆರಿ ಹಿಡಿದ ಹುಡುಗನಿಗೆ ಸರಿಯಾದ ಮುಖಗವಸು ಕೊಡಿಸೆಂದು ಗ್ಯಾರೇಜಿನವರಿಗೆ ಹೇಳಬಹುದು. ಎರಡು ಬಕೆಟ್ ನೀರಿನಲ್ಲಿ ಮುಗಿಯುವ ಕೆಲಸಕ್ಕೆ ಪೈಪು ಬಿಡದಿರಬಹುದು. ತಿಂಗಳಿಗೊಮ್ಮೆಯಾದರೂ ನಾವೇ ಬಕೆಟ್ ಹಿಡಿದು ನಮ್ಮ ಕಾರನ್ನು ತೊಳೆದು ನೋಡಬಹುದು. ಬಗ್ಗಿ ಚಕ್ರ ಉಜ್ಜುವಾಗ ನಡು ಎಷ್ಟು ನೋಯುತ್ತದೆಂದು ಆಗ ತಿಳಿಯುತ್ತದೆ.

ನಾಳೆ ಬೆಳಗ್ಗೆ ಆ ಹುಡುಗ ಬಕೆಟ್ ಹಿಡಿದು ಬಂದಾಗ ಅವನ ಹೆಸರೇನೆಂದು ಕೇಳೋಣ. ವರ್ಷಗಟ್ಟಲೆ ನಮ್ಮ ಕಾರು ತೊಳೆದವನ ಹೆಸರು ನಮ್ಮಲ್ಲಿ ಹಲವರಿಗೆ ಇನ್ನೂ ಗೊತ್ತಿಲ್ಲ.